ಬರಲಿರುವ ಕಾರ್ಡಿಗೆ ಇಂದೇ ಪ್ರೊಸೆಸರ್ ಕೊಳ್ಳಬೇಕೆ?



ನಮ್ಮ ವಿಜ್ಞಾನ ಮಾಲಿಕೆಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಗ್ರಹಣ, ಮಳೆ, ಬೆಳೆಗೆ ತಗಲುವ ರೋಗ, ಕಣ್ಣಿನ ತೊಂದರೆ ಇಂಥವುಗಳನ್ನು ಕುರಿತವು. ರಾಯಚೂರು ಜಿಲ್ಲೆಯ ಮುದಗಲ್ಲಿನಿಂದ ಬಂದ ಒಂದು ಪತ್ರ ಮಾತ್ರ ಬೇರೆ ತರಹದ್ದು. ಬರೆದವರು ಪದವಿ ಮುಗಿಸಿದ ತರುಣ. ಮದುವೆಯ ವಿಡಿಯೋಗಳನ್ನೂ, ಮುದಗಲ್ಲಿನ ಹೆಸರಾಂತ ಮೊಹರಂ ಹಬ್ಬದ ದೃಶ್ಯಗಳನ್ನೂ ಮನೆಯ ಗಣಕಯಂತ್ರದಲ್ಲಿ ಸಂಕಲನ ಮಾಡಿಕೊಡುತ್ತಾರೆ. ರಾತ್ರಿ ಅದೇ ಯಂತ್ರದಲ್ಲಿ ಆಟ ಆಡುತ್ತಾರೆ.

ಅವರ ಯಂತ್ರದೊಳಗೆ ಇರುವುದು ರೈಜೆನ್ 5 2600 ಎಂಬ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ಮೆಮೊರಿ, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಪರದೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಸಾಮಾನ್ಯ ಪರದೆ. ಅವರ ಪ್ರಶ್ನೆ ಹೀಗಿದೆ. ಈ ಸಲದ ತೊಗರಿಯ ದುಡ್ಡಿನಲ್ಲಿ ಒಂದು ಪಾಲು ತಂದೆ ಕೊಟ್ಟಿದ್ದಾರೆ. ಅದರಲ್ಲಿ ಪ್ರೊಸೆಸರ್ ಮತ್ತು ಒಳ್ಳೆಯ ಕಾರ್ಡು ಎರಡೂ ಬರುವುದಿಲ್ಲ. ಕಾರ್ಡು ಮುಂದಿನ ಸುಗ್ಗಿಗೆ. ಆಗ ಬರಲಿರುವ ಕಾರ್ಡಿಗೆ ಸರಿಜೋಡಿಯಾಗುವ ಪ್ರೊಸೆಸರನ್ನು ಈಗಲೇ ಆರಿಸುವುದು ಹೇಗೆ? ಅಂಗಡಿಯವರು ಬೋರ್ಡು, ಮೆಮೊರಿ, ಪ್ರೊಸೆಸರ್ ಮೂರನ್ನೂ ಬದಲಿಸಿ ಎನ್ನುತ್ತಿದ್ದಾರಂತೆ.

ಇದು ಹುಡುಗರ ಆಟದ ವಿಷಯವೆಂದು ದಯವಿಟ್ಟು ಪುಟ ತಿರುವಬೇಡಿ. ನಗರದಲ್ಲಿ ತಿಂಗಳ ಸಂಬಳದವರಿಗೆ ಸಲಹೆ ಕೊಡುವುದು ಸುಲಭ: ಎರಡು ತಿಂಗಳು ತಡೆದು ಎಲ್ಲವನ್ನೂ ಒಟ್ಟಿಗೆ ಕೊಳ್ಳಿ ಎಂದುಬಿಡಬಹುದು. ಮಳೆಯನ್ನು ನಂಬಿದ ಮನೆಯಲ್ಲಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಒಮ್ಮೆ ತಪ್ಪಾಗಿ ಕೊಂಡರೆ ತಿದ್ದಿಕೊಳ್ಳಲು ಇನ್ನೊಂದು ಮುಂಗಾರು ದಾಟಬೇಕು. ಆದ್ದರಿಂದ ಕಂತುಕಂತಾಗಿ ಕೊಳ್ಳುವುದು ಇಲ್ಲಿ ಅನಿವಾರ್ಯ. ಯಾವ ಕಂತು ಮೊದಲು ಎಂಬುದೇ ಪ್ರಶ್ನೆ.

ಹಿರಿಯರಿಗೆ ಒಂದು ಮಾತು. 'ಆಟ' ಎಂದೊಡನೆ ಮೊಬೈಲಿನಲ್ಲಿ ಹಣ ಕಟ್ಟಿ ಮನೆ ಹಾಳುಮಾಡಿಕೊಂಡ ಕಥೆಗಳು ನೆನಪಾಗುವುದು ಸಹಜ. ಅಂಥ ಹಣದ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನಿನ ಮೂಲಕ ನಿಷೇಧಿಸಿತು. ಇ-ಕ್ರೀಡೆಯನ್ನು ಅದೇ ಕಾನೂನು ಬೇರೆಯಾಗಿಟ್ಟು ಮಾನ್ಯ ಮಾಡಿತು. ಗಣಕದ ಆಟವನ್ನು ಕಟ್ಟುವ ಉದ್ಯಮವೂ ನಮ್ಮಲ್ಲಿ ಹಳೆಯದೇ. ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆ ಪ್ರಾರಂಭವಾದದ್ದು 1997ರಲ್ಲಿ. 2019ರಲ್ಲಿ ಅದನ್ನು ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಪತ್ರದಲ್ಲಿರುವ ಪ್ರೊಸೆಸರಿನ ತಯಾರಕರಾದ ಎಎಂಡಿ ಕಂಪನಿ ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲಿಯೇ.

ಈಗ ವಿಷಯಕ್ಕೆ ಬರೋಣ. ರಾಯಚೂರು ಸೀಮೆಗೂ ದೂರದರ್ಶನಕ್ಕೂ ಇರುವ ನಂಟು ನಾನು ಹುಟ್ಟುವ ಮೊದಲಿನದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಚಿತ್ರ ತಲುಪಿದಾಗ, ಕರ್ನಾಟಕದಿಂದ ಅದರಲ್ಲಿದ್ದ ಜಿಲ್ಲೆಗಳು ರಾಯಚೂರು, ಗುಲಬರ್ಗಾ ಮತ್ತು ಬಿಜಾಪುರ. ಊರ ನಡುವೆ ಕೋಳಿಬಲೆಯಂಥ ತಂತಿಯ ದೊಡ್ಡ ಬುಟ್ಟಿ ಆಂಟೆನಾ, ಅದರ ಕೆಳಗೆ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಮಾಡಬೇಕಾದ ಕೆಲಸ ಸರಳ: ಸೆಕೆಂಡಿಗೆ 25 ಚಿತ್ರಗಳು ಸಿದ್ಧವಾಗಿಯೇ ಬರುತ್ತವೆ, ಬಂದದ್ದನ್ನು ತೋರಿಸಬೇಕು.

ಆಟದ ಚಿತ್ರ ಹಾಗಲ್ಲ. ನೀವು ಗುಂಡಿ ಒತ್ತುವವರೆಗೆ ಆ ಚಿತ್ರ ಎಲ್ಲಿಯೂ ಇರುವುದಿಲ್ಲ. ಒತ್ತಿದ ಮೇಲೆ ಅದನ್ನು ಹೊಸದಾಗಿ ಕಟ್ಟಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಈ ಅವಧಿಯಲ್ಲಿ ಇಬ್ಬರು ಕೆಲಸಗಾರರು ಒಬ್ಬರ ಹಿಂದೊಬ್ಬರು ದುಡಿಯುತ್ತಾರೆ. ಮೊದಲನೆಯವನು ಪ್ರೊಸೆಸರ್. ಯಾರು ಎಲ್ಲಿ ನಿಂತಿದ್ದಾರೆ, ಎಸೆದ ಕಲ್ಲು ಎಲ್ಲಿ ಬೀಳುತ್ತದೆ, ಎದುರಾಳಿ ಯಾವ ಕಡೆ ಓಡುತ್ತಾನೆ ಎಂಬುದನ್ನೆಲ್ಲ ಲೆಕ್ಕ ಹಾಕಿ 'ಇಂಥಿಂಥದನ್ನು ಬರೆ' ಎಂದು ಆಜ್ಞೆಯ ಪಟ್ಟಿ ಕೊಡುವವನು ಅವನು. ಎರಡನೆಯವನು ಗ್ರಾಫಿಕ್ಸ್ ಕಾರ್ಡು. ಆ ಪಟ್ಟಿಯಂತೆ ಒಂದೊಂದು ಚುಕ್ಕಿಗೂ ಬಣ್ಣ ತುಂಬುವವನು. ಇವನು ಒಂದು ಚಿತ್ರಕ್ಕೆ ಬಣ್ಣ ಹಾಕುತ್ತಿರುವಾಗ ಅವನು ಮುಂದಿನದರ ಪಟ್ಟಿ ತಯಾರಿಸುತ್ತಿರುತ್ತಾನೆ. ಇಬ್ಬರಲ್ಲಿ ಯಾರು ನಿಧಾನವೋ ಅವನ ವೇಗವೇ ನಿಮ್ಮ ಆಟದ ವೇಗ.

ಸಿಂಧನೂರು, ಮಾನ್ವಿ ಕಡೆಯ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲಗಾಲುವೆಯನ್ನು ಎಷ್ಟು ಅಗಲ ಮಾಡಿದರೂ ಮೇಲಿನ ತೂಬಿನಲ್ಲಿ ಬಿಟ್ಟಷ್ಟೇ ನೀರು ಬರುವುದು. ಹಾಗೆಯೇ ತೂಬನ್ನು ಪೂರಾ ಎತ್ತಿದರೂ ಹೊಲಗಾಲುವೆ ಕಿರಿದಾಗಿದ್ದರೆ ಪ್ರಯೋಜನವಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ನನ್ನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಪರದೆಯಲ್ಲಿ ಚುಕ್ಕಿಗಳು ಹೆಚ್ಚಾದಂತೆ ಕಾರ್ಡಿನ ಕೆಲಸ ಹೆಚ್ಚುತ್ತದೆ. 1080 ಗೆರೆಗಳ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಆದರೆ ಪ್ರೊಸೆಸರಿನ ಕೆಲಸಕ್ಕೆ ಚುಕ್ಕಿಗಳ ಲೆಕ್ಕ ಬಹುಮಟ್ಟಿಗೆ ಸಂಬಂಧವಿಲ್ಲ. ಓಡುವವನು ಚಿಕ್ಕ ಪರದೆಯಲ್ಲಿ ಓಡಿದರೂ ದೊಡ್ಡ ಪರದೆಯಲ್ಲಿ ಓಡಿದರೂ ಅವನ ಹೆಜ್ಜೆಯ ಲೆಕ್ಕ ಒಂದೇ. ಅಂದಮೇಲೆ ನಿಮ್ಮ ಪ್ರೊಸೆಸರಿಗೆ ಆಯಾ ಆಟದಲ್ಲಿ ಒಂದು ಮೇಲ್ಮಿತಿ ಇದೆ. ಯಾವ ಕಾರ್ಡು ಹಾಕಿದರೂ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಈ ಮೇಲ್ಮಿತಿಯನ್ನು ಮುಂದಿನ ಕಾರ್ಡು ಕೈಗೆ ಬರುವ ಮೊದಲೇ, ಒಂದು ಪೈಸೆ ಖರ್ಚಿಲ್ಲದೆ, ಇವತ್ತೇ ಅಳೆಯಬಹುದು.

ಅಳೆಯುವ ಕ್ರಮ ಹೀಗೆ. ನೀವು ನಿಜವಾಗಿ ಆಡುವ ಆಟವನ್ನು ತೆರೆಯಿರಿ. ಜನಸಂದಣಿ ಇರುವ, ಯಂತ್ರ ತಿಣುಕುವ ಸ್ಥಳಕ್ಕೆ ಹೋಗಿ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನಂತರ ಚಿತ್ರದ ಗಾತ್ರವನ್ನು 720 ಗೆರೆಗೆ ಇಳಿಸಿ, ನೆರಳು, ಮೇಲ್ಮೈಯ ನವುರು ಮುಂತಾದ ಬಣ್ಣಗಾರಿಕೆಯ ಆಯ್ಕೆಗಳನ್ನು ಕಡಿಮೆ ಮಾಡಿ. ಜನಸಂದಣಿಯ ಪ್ರಮಾಣ, ಎಷ್ಟು ದೂರದವರೆಗೆ ಕಾಣಬೇಕು ಎಂಬ ಆಯ್ಕೆಗಳನ್ನು ಮಾತ್ರ ಮುಟ್ಟಬೇಡಿ. ಅವು ಪ್ರೊಸೆಸರಿನ ಹೊರೆ. ಸೆಕೆಂಡಿನ ಚಿತ್ರಸಂಖ್ಯೆಗೆ ಆಟದೊಳಗೆ ಏನಾದರೂ ಮಿತಿ ಹಾಕಿದ್ದರೆ ತೆಗೆದುಬಿಡಿ. ಮತ್ತೆ ಅದೇ ಸ್ಥಳ, ಅದೇ ನೋಟ. ಸಂಖ್ಯೆ ಜಿಗಿದು ಮೇಲೆ ಹೋಯಿತೇ? ಹಾಗಾದರೆ ಮೊದಲು ತಡೆಯುತ್ತಿದ್ದದ್ದು ಕಾರ್ಡು. ಸಂಖ್ಯೆ ಕದಲಲೇ ಇಲ್ಲವೇ? ತಡೆಯುತ್ತಿರುವುದು ಪ್ರೊಸೆಸರ್. ಕಾರ್ಡಿನ ಬಳಕೆಯನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಅದು ಶೇಕಡಾ 95ಕ್ಕಿಂತ ಸಾಕಷ್ಟು ಕೆಳಗಿದ್ದರೆ ಕಾರ್ಡು ಕೈಕಟ್ಟಿ ಕುಳಿತಿದೆ ಎಂದರ್ಥ, ಆಗ ಕಾಣುವ ಸಂಖ್ಯೆಯೇ ನಿಮ್ಮ ಮೇಲ್ಮಿತಿ. ಕಾರ್ಡು ಇನ್ನೂ ಪೂರ್ತಿ ದುಡಿಯುತ್ತಿದ್ದರೆ ಚಿತ್ರವನ್ನು ಮತ್ತಷ್ಟು ಇಳಿಸಿ ನೋಡಿ.

ಈ ಸಂಖ್ಯೆಯನ್ನು ನಿಮ್ಮ ಪರದೆಯ ಪಕ್ಕದಲ್ಲಿಟ್ಟು ಓದಬೇಕು. 60 ಬಾರಿ ಬದಲಾಗುವ ಪರದೆಯವರಿಗೆ 90ರ ಮೇಲ್ಮಿತಿ ಇದ್ದರೆ ಪ್ರೊಸೆಸರ್ ಬದಲಿಸುವ ಅಗತ್ಯವೇ ಇಲ್ಲ; ಅಷ್ಟು ದುಡ್ಡೂ ಕಾರ್ಡಿಗೇ ಹೋಗಲಿ. ಮೇಲ್ಮಿತಿ 45 ಇದ್ದರೆ ಎಂಥ ಬೆಲೆಬಾಳುವ ಕಾರ್ಡು ತಂದರೂ 45ನ್ನೇ ಇನ್ನಷ್ಟು ಅಂದವಾಗಿ ನೋಡುತ್ತೀರಿ, ಅಷ್ಟೆ.

ಅಂತರ್ಜಾಲದಲ್ಲಿ ಎರಡು ಹೆಸರು ತುಂಬಿದರೆ 'ಅಡಚಣೆ ಶೇಕಡಾ 17' ಎಂದು ಉತ್ತರ ಕೊಡುವ ಪುಟಗಳಿವೆ. ಅವನ್ನು ನಂಬಬೇಡಿ. ಯಾವ ಆಟ, ಯಾವ ಪರದೆ ಎಂದು ಸರಿಯಾಗಿ ಕೇಳದೆ ಕೊಡುವ ಶೇಕಡಾವಾರು, ಯಾವ ಹೊಲ, ಯಾವ ಬೆಳೆ ಎಂದು ಕೇಳದೆ ಹೇಳುವ ಇಳುವರಿಯಂತೆ.

ಸರಾಸರಿಯ ವಿಷಯದಲ್ಲೂ ಎಚ್ಚರ ಬೇಕು. ಸಂಕಲನದ ಮೇಜಿನ ಮುಂದೆ ವರ್ಷಗಟ್ಟಲೆ ಕುಳಿತ ನಮ್ಮಂಥವರಿಗೆ ಒಂದೇ ಒಂದು ಚಿತ್ರ ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಒಂದು ಸೆಕೆಂಡಿನಲ್ಲಿ 60 ಚಿತ್ರ ಬಂದವು, ಆದರೆ 59 ಚಿತ್ರಗಳು ಮೊದಲ ಅರ್ಧ ಸೆಕೆಂಡಿನಲ್ಲಿ ಬಂದು ಕೊನೆಯದೊಂದೇ ಉಳಿದ ಅರ್ಧ ಸೆಕೆಂಡನ್ನು ತಿಂದಿತು ಎಂದಿಟ್ಟುಕೊಳ್ಳಿ. ಸರಾಸರಿ 60ೇ. ಆಡುವವನ ಪಾಲಿಗೆ ಅದು ತೊದಲುವ ಆಟ. ಆದ್ದರಿಂದ ಪರೀಕ್ಷಾ ವರದಿಗಳಲ್ಲಿ 'ಕನಿಷ್ಠ ಶೇಕಡಾ 1' ಎಂಬ ಸಾಲನ್ನು ನೋಡಿ. ಪ್ರೊಸೆಸರ್ ಬದಲಿಸಿದವರು ಮೊದಲು ಗುರುತಿಸುವುದು ಸರಾಸರಿಯ ಏರಿಕೆಯನ್ನಲ್ಲ, ಈ ತೊದಲು ಹೋದದ್ದನ್ನು.

ಮುದಗಲ್ಲಿನ ಮಿತ್ರರ ಮದರ್‌ಬೋರ್ಡಿನ ಬಗ್ಗೆ ನನಗೆ ಸಂತೋಷವಿದೆ. ಬಿ450 ಬೋರ್ಡಿನಲ್ಲಿರುವುದು ಎಎಂ4 ಎಂಬ ಸಾಕೆಟ್ಟು. 2017ರಲ್ಲಿ ಬಂದ ಮೊದಲ ರೈಜೆನ್‌ಗಳಿಂದ ಹಿಡಿದು 2020ರ ನವೆಂಬರಿನಲ್ಲಿ ಪ್ರಾರಂಭವಾದ 5000 ಸರಣಿಯವರೆಗೆ ಅದೇ ಸಾಕೆಟ್ಟು ನಡೆದುಬಂತು. ಹಳೆಯ ಬೋರ್ಡುಗಳಿಗೆ 5000 ಸರಣಿ ಒಗ್ಗುವುದಿಲ್ಲವೆಂದು 2020ರಲ್ಲಿ ಕಂಪನಿ ಮೊದಲು ಹೇಳಿತ್ತು. ಬಳಕೆದಾರರು ಗಲಾಟೆ ಮಾಡಿದ ಮೇಲೆ ಅದೇ ಮೇ ತಿಂಗಳಲ್ಲಿ ನಿಲುವು ಬದಲಿಸಿತು. ಗ್ರಾಹಕರ ಗಲಾಟೆ ಒಮ್ಮೊಮ್ಮೆ ಫಲ ಕೊಡುತ್ತದೆ!

ಹೀಗಾಗಿ ಅವರ 2600 ಇರುವ ಜಾಗದಲ್ಲಿಯೇ ರೈಜೆನ್ 5 5600 ಕೂರುತ್ತದೆ. ಲಾಭವೆಷ್ಟು ಎಂಬುದನ್ನು ಬೆರಳೆಣಿಕೆಯಲ್ಲೇ ಅಂದಾಜು ಮಾಡಬಹುದು. 2600ರಿಂದ ಮುಂದಿನ ಪೀಳಿಗೆಗೆ ಒಂದು ಗಡಿಯಾರದ ಬಡಿತದಲ್ಲಾಗುವ ಕೆಲಸ ಶೇಕಡಾ 15, ಅಲ್ಲಿಂದ 5000 ಸರಣಿಗೆ ಶೇಕಡಾ 19 ಹೆಚ್ಚಿತೆಂದು ಕಂಪನಿಯ ಹೇಳಿಕೆ. ಬಡಿತದ ಗರಿಷ್ಠ ವೇಗ 3.9ರಿಂದ 4.4 ಗಿಗಾಹರ್ಟ್ಸಿಗೆ ಏರಿದೆ. ಮೂರನ್ನೂ ಗುಣಿಸಿದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ನಿಮ್ಮ ಪರೀಕ್ಷೆಯಲ್ಲಿ 45 ಬಂದಿದ್ದರೆ 65ರ ಆಸುಪಾಸು ನಿರೀಕ್ಷಿಸಬಹುದು. 30 ಬಂದಿದ್ದರೆ ಪವಾಡವಾಗಿ 60 ಆಗದು.

ಹೆಸರುಗಳಲ್ಲಿ ಮೋಸಹೋಗಬೇಡಿ. 5500 ಮತ್ತು 5600 ಎರಡೂ 2022ರ ಏಪ್ರಿಲಿನಲ್ಲಿ ಬಂದವು, ಎರಡರಲ್ಲೂ ಆರು ಕೋರ್. ಆದರೆ 5600ರೊಳಗೆ 32 ಎಂಬಿ ಕ್ಯಾಷ್ ಇದ್ದರೆ 5500ರಲ್ಲಿ ಅದರ ಅರ್ಧ. ಕ್ಯಾಷ್ ಎಂದರೆ ಪ್ರೊಸೆಸರಿನ ಮಗ್ಗುಲಲ್ಲೇ ಇರುವ ಪುಟ್ಟ ಉಗ್ರಾಣ. ಅಡುಗೆಮನೆಯ ಡಬ್ಬಿಯಲ್ಲಿ ಬೇಳೆ ಇದ್ದರೆ ಕೈಚಾಚಿದರೆ ಸಾಕು. ಇಲ್ಲದಿದ್ದರೆ ಲಿಂಗಸೂಗೂರಿನ ಪೇಟೆಗೆ ಹೋಗಿಬರಬೇಕು. ಆ ಪೇಟೆಯೇ ಮೆಮೊರಿ. ಒಂದು ಸಲ ಹೋಗಿಬರಲು 70 ನ್ಯಾನೋಸೆಕೆಂಡು ಹಿಡಿದರೂ 4.4 ಗಿಗಾಹರ್ಟ್ಸಿನ ಪ್ರೊಸೆಸರ್ 300 ಬಡಿತ ಸುಮ್ಮನೆ ಕಾಯಬೇಕಾಗುತ್ತದೆ. ಆಟಗಳಲ್ಲಿ ಬೇಕಾಗುವ ಮಾಹಿತಿ ಎಲ್ಲೆಲ್ಲೋ ಚದುರಿರುವುದರಿಂದ ಈ ಓಡಾಟ ಬಹಳ. 2022ರ ಏಪ್ರಿಲಿನಲ್ಲಿಯೇ ಬಂದ 5800ಎಕ್ಸ್3ಡಿ ಎಂಬ ಚಿಪ್ಪಿನಲ್ಲಿ ಕ್ಯಾಷನ್ನು ಮಾಳಿಗೆಯ ಮೇಲೆ ಮಾಳಿಗೆಯಂತೆ ಪೇರಿಸಿ 96 ಎಂಬಿ ಮಾಡಿದರು. ಆಟಕ್ಕೆ ಅದು ಆ ಸಾಕೆಟ್ಟಿನ ರಾಜ. ಹೊಸದು ಈಗ ಸಿಗುವುದು ದುರ್ಲಭ. ಬಳಸಿದ್ದಕ್ಕೂ ಬೆಲೆ ಬಿಗಿ. 60ರ ಪರದೆಯವರಿಗೆ ಅದರ ಹಂಬಲ ಬೇಡವೆಂಬುದು ನನ್ನ ಅಭಿಪ್ರಾಯ. ಸಂಕಲನದಿಂದಲೇ ನಾಲ್ಕು ಕಾಸು ಸಂಪಾದಿಸುವವರಾದರೆ, ಎಂಟು ಕೋರಿನ 5700ಎಕ್ಸ್ ಹೆಚ್ಚು ಸರಿಯಾದ ಆಯ್ಕೆ. ವಿಡಿಯೋ ಸಿದ್ಧಪಡಿಸುವಾಗ ಹೆಚ್ಚಿನ ಎರಡು ಕೋರುಗಳು ನಿಜವಾಗಿಯೂ ದುಡಿಯುತ್ತವೆ.

ಇಂಟೆಲ್ ಬಳಸುವ ಓದುಗರಿಗೆ ಎರಡು ಮಾತು. 6 ಮತ್ತು 7ನೇ ಪೀಳಿಗೆಯ ಬೋರ್ಡುಗಳಲ್ಲಿ 8ನೇ ಪೀಳಿಗೆಯ ಪ್ರೊಸೆಸರ್ ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ, ಕೂತಿತೆಂದು ಹಿಗ್ಗಬೇಡಿ. 12, 13, 14ನೇ ಪೀಳಿಗೆಗಳು ಒಂದೇ ಸಾಕೆಟ್ಟಿನವು. 13 ಮತ್ತು 14ರ ಮೇಲ್ದರ್ಜೆಯ ಚಿಪ್ಪುಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಕಾಲಕ್ರಮೇಣ ಹಾನಿಯಾಗುವ ದೋಷ ಕಂಡುಬಂದು, 2024ರ ಆಗಸ್ಟಿನಿಂದ ಪರಿಹಾರದ ಮೈಕ್ರೋಕೋಡನ್ನು ಕಂಪನಿ ಬಿಡುಗಡೆ ಮಾಡಿತು. ಖಾತರಿಯ ಅವಧಿಯನ್ನೂ ಎರಡು ವರ್ಷ ಹೆಚ್ಚಿಸಿತು. ಬಳಸಿದ ಚಿಪ್ಪು ಕೊಳ್ಳುವವರು ಇದನ್ನು ನೆನಪಿಡಬೇಕು.

ಮುಂದಿನ ಕಾರ್ಡಿನ ವಿಚಾರದಲ್ಲಿ ಪ್ರೊಸೆಸರಿಗಿಂತಲೂ ಜನ ಹೆಚ್ಚು ಮರೆಯುವುದು ಅವೆರಡರ ನಡುವಿನ ದಾರಿಯನ್ನು. ಮುದಗಲ್ಲಿನ ಕೋಟೆಯನ್ನು ನೋಡಿದವರಿಗೆ ಗೊತ್ತು, ಒಳಗೆ ಎಷ್ಟು ಜಾಗವಿದ್ದರೂ ಒಮ್ಮೆಗೆ ಒಳಹೋಗುವ ಮಂದಿ ಬಾಗಿಲಿನ ಅಗಲದಷ್ಟೇ. ಕಾರ್ಡಿಗೆ ಆ ಬಾಗಿಲು ಪಿಸಿಐ ಎಕ್ಸ್‌ಪ್ರೆಸ್. ಬಿ450 ಬೋರ್ಡಿನಲ್ಲಿ ಅದು ಮೂರನೇ ಪೀಳಿಗೆಯದು. ಹದಿನಾರು ಓಣಿಗಳನ್ನೂ ಬಳಸುವ ಕಾರ್ಡಿಗೆ ಸೆಕೆಂಡಿಗೆ ಸುಮಾರು 16 ಜಿಬಿ ಹಾಯುತ್ತದೆ. ಆದರೆ ಇತ್ತೀಚಿನ ಅನೇಕ ಮಧ್ಯಮ ಬೆಲೆಯ ಕಾರ್ಡುಗಳು ಎಂಟೇ ಓಣಿಯವು. ಹೊಸ ಬೋರ್ಡಿನಲ್ಲಿ ಓಣಿಗಳು ವೇಗವಾಗಿರುವುದರಿಂದ ಎಂಟು ಸಾಕಾಗುತ್ತವೆ. ಹಳೆಯ ಬೋರ್ಡಿನಲ್ಲಿ ಅದೇ ಎಂಟರಲ್ಲಿ ಹಾಯುವುದು 8 ಜಿಬಿ ಮಾತ್ರ.

ಇದರಿಂದ ಎಲ್ಲ ಸಮಯದಲ್ಲೂ ತೊಂದರೆಯಿಲ್ಲ. ಕಾರ್ಡಿನ ಸ್ವಂತ ಮೆಮೊರಿ ತುಂಬಿ ತುಳುಕಿದಾಗ ತೊಂದರೆ. 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060 ಕಾರ್ಡನ್ನೇ ನೋಡಿ: 8 ಜಿಬಿ ಮೆಮೊರಿ, ಎಂಟು ಓಣಿ. ಅದರ ಸ್ವಂತ ಮೆಮೊರಿ ಸೆಕೆಂಡಿಗೆ 448 ಜಿಬಿ ಒದಗಿಸುತ್ತದೆ. ಆಟಕ್ಕೆ 8 ಜಿಬಿ ಸಾಲದೆ ಹೋದರೆ ಮಿಕ್ಕದ್ದನ್ನು ಹೊರಗಿನ ಮೆಮೊರಿಯಿಂದ, ಸೆಕೆಂಡಿಗೆ 8 ಜಿಬಿಯ ಬಾಗಿಲಿನಲ್ಲಿ, ಎಳೆದು ತರಬೇಕು. ಹೊಸ ಬೋರ್ಡಿನಲ್ಲಿ ಸಣ್ಣಗೆ ಕುಂಟುವ ಆಟ ಹಳೆಯದರಲ್ಲಿ ಮುಗ್ಗರಿಸುತ್ತದೆ. ಅದೇ ವರ್ಷ ಜೂನಿನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಹದಿನಾರು ಓಣಿಯದು, 16 ಜಿಬಿಯ ರೂಪದಲ್ಲೂ ಇದೆ. ಬಿ450 ಬೋರ್ಡನ್ನು ಉಳಿಸಿಕೊಳ್ಳುವವರು ಮುಂದಿನ ಸುಗ್ಗಿಯಲ್ಲಿ ಯಾವುದೇ ಹೊಸ ಕಾರ್ಡು ನೋಡಿದರೂ ಮೊದಲು ಕೇಳಬೇಕಾದ ಪ್ರಶ್ನೆ: ಓಣಿ ಎಷ್ಟು, ಮೆಮೊರಿ ಎಷ್ಟು? 12 ಅಥವಾ 16 ಜಿಬಿ ಇದ್ದರೆ ಎಂಟು ಓಣಿಯನ್ನೂ ಸಹಿಸಿಕೊಳ್ಳಬಹುದು.

ಕಾರ್ಡಿನ ಸ್ವಭಾವವೂ ಪ್ರೊಸೆಸರನ್ನು ದಣಿಸಬಲ್ಲದು. ಇಂಟೆಲ್ ಕಂಪನಿ 2024ರ ಡಿಸೆಂಬರಿನಲ್ಲಿ ಆರ್ಕ್ ಬಿ580 ಎಂಬ 12 ಜಿಬಿಯ ಕಾರ್ಡನ್ನು ತಂದಾಗ ಬೆಲೆಗೆ ಮೀರಿದ ಸರಕೆಂದು ಎಲ್ಲರೂ ಹೊಗಳಿದರು. ಆ ಪರೀಕ್ಷೆಗಳು ನಡೆದದ್ದು ಬಹುಪಾಲು ಅತ್ಯುತ್ತಮ ಪ್ರೊಸೆಸರುಗಳ ಜೊತೆ. 2025ರ ಜನವರಿಯಲ್ಲಿ ಕೆಲವು ಪರೀಕ್ಷಕರು ಅದನ್ನು ರೈಜೆನ್ 5 2600ರಂಥ ಹಳೆಯ ಚಿಪ್ಪುಗಳೊಂದಿಗೆ ಕೂರಿಸಿ ನೋಡಿದಾಗ ಹಲವು ಆಟಗಳಲ್ಲಿ ಬಹಳ ಹಿಂದೆ ಬಿತ್ತು. ಕಾರ್ಡಿನ ಚಾಲಕ ತಂತ್ರಾಂಶವೇ ಪ್ರೊಸೆಸರಿನಿಂದ ಹೆಚ್ಚು ದುಡಿಮೆ ಕೇಳುತ್ತಿತ್ತು. ಅಗ್ಗದ ಕಾರ್ಡನ್ನು ಕೊಳ್ಳುವವರ ಮನೆಯಲ್ಲಿ ಹಳೆಯ ಪ್ರೊಸೆಸರ್ ಇರುವುದೇ ಹೆಚ್ಚು ಎಂಬುದು ಪ್ರಯೋಗಶಾಲೆಯಲ್ಲಿ ಯಾರಿಗೂ ಮೊದಲು ಹೊಳೆಯದಿದ್ದುದು ಆಶ್ಚರ್ಯ. ಪರೀಕ್ಷಾ ವರದಿ ಓದುವಾಗ 'ಯಾವ ಪ್ರೊಸೆಸರಿನೊಂದಿಗೆ' ಎಂಬ ಸಣ್ಣಕ್ಷರದ ಸಾಲನ್ನು ಹುಡುಕಿ.

ಇನ್ನು, ಕಡಿಮೆ ಚುಕ್ಕಿಯಲ್ಲಿ ಬರೆದು ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮುಂತಾದ ಉಪಾಯಗಳು ಕಾರ್ಡಿನ ಹೊರೆ ಇಳಿಸುತ್ತವೆ, ಪ್ರೊಸೆಸರಿನದಲ್ಲ. ಎರಡು ಚಿತ್ರಗಳ ನಡುವೆ ಕಲ್ಪನೆಯ ಚಿತ್ರ ಸೇರಿಸುವ ವಿಧಾನ ಪರದೆಯ ಮೇಲೆ ಸಂಖ್ಯೆಯನ್ನು ಏರಿಸುತ್ತದೆ, ಗುಂಡಿ ಒತ್ತಿದ್ದಕ್ಕೆ ಉತ್ತರ ಬೇಗ ಬರುವುದಿಲ್ಲ. ಹೊಸ ಟೀವಿಗಳು ಹಳೆಯ ಚಲನಚಿತ್ರವನ್ನು ಧಾರಾವಾಹಿಯಂತೆ ಜಾರಿಸಿ ತೋರಿಸುತ್ತವಲ್ಲ, ಅದರ ದಾಯಾದಿ ಇದು.

ಅಂಗಡಿಯವರ ಸಲಹೆಯಂತೆ ಎಲ್ಲವನ್ನೂ ಬದಲಿಸಿದರೆ? 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಮೆಮೊರಿಯೇ ಬೇಕು. ಇರುವ 16 ಜಿಬಿ ಉಪಯೋಗಕ್ಕೆ ಬಾರದು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ಜಗತ್ತಿನಾದ್ಯಂತ ಮೆಮೊರಿ ಬೆಲೆ ಹಾರಿತು. ಎಲ್ಲೋ ದೂರದ ಯಂತ್ರಗಳ ಹಸಿವು ಮುದಗಲ್ಲಿನ ಮನೆಯ ಲೆಕ್ಕವನ್ನು ಬದಲಿಸಿದೆ. ಇಂಥ ಹೊತ್ತಿನಲ್ಲಿ ಕೈಯಲ್ಲಿರುವ ಡಿಡಿಆರ್4 ಒಂದು ಆಸ್ತಿ. ಅದನ್ನು ಮೂಲೆಗೆ ಹಾಕಿ ಬೋರ್ಡು-ಮೆಮೊರಿಗೆ ದುಡ್ಡು ಸುರಿದರೆ, ಹಳೆಯ 1650 ಕಾರ್ಡಿನೊಂದಿಗೆ ಈ ವರ್ಷವಿಡೀ ಪರದೆಯ ಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಬೆಲೆಗಳನ್ನು ಇಲ್ಲಿ ಬರೆಯುತ್ತಿಲ್ಲ. ಈ ಪುಸ್ತಿಕೆ ನಿಮ್ಮ ಕೈಸೇರುವಷ್ಟರಲ್ಲಿ ಅವು ಹಳಸಿರುತ್ತವೆ.

ಹಾಗಾದರೆ ಯಾವ ಕಂತು ಮೊದಲು? ಪರೀಕ್ಷೆಯಲ್ಲಿ ಮೇಲ್ಮಿತಿ ಪರದೆಯ 60ನ್ನು ದಾಟಿದ್ದರೆ ಪ್ರೊಸೆಸರನ್ನು ಮುಟ್ಟದೆ, ದುಡ್ಡನ್ನು ಕಾರ್ಡಿಗೆಂದೇ ತೆಗೆದಿಡಿ. ಕಾರ್ಡನ್ನು ನಾಳೆ ಬೇರೆ ಯಂತ್ರಕ್ಕೂ ಒಯ್ಯಬಹುದು. ಕಾರ್ಡಿಗಾಗಿ ಕಾಯುತ್ತ ಕುಳಿತ ಪ್ರೊಸೆಸರ್ ಮಾತ್ರ ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತದೆ. ಮೇಲ್ಮಿತಿ 60ರ ಕೆಳಗಿದ್ದರೆ, ಅಥವಾ ಸಂಕಲನದ ಕೆಲಸ ಈಗಲೇ ತಡವಾಗುತ್ತಿದ್ದರೆ, 5600 ಅಥವಾ 5700ಎಕ್ಸ್ ಈಗಲೇ ಬರಲಿ. ಅದು ಇವತ್ತಿನಿಂದಲೇ ದುಡಿಯುತ್ತದೆ, ಜೊತೆಗೆ ಈ ಹಳೆಯ ಸಾಕೆಟ್ಟಿನ ಚಿಪ್ಪುಗಳು ಪೇಟೆಯಿಂದ ಒಂದೊಂದಾಗಿ ಮರೆಯಾಗುವ ಕಾಲವೂ ಇದು. ಉಳಿದ ದುಡ್ಡು ಕಾರ್ಡಿನ ಡಬ್ಬಿಗೆ. ಇನ್ನೂ ಬಿಡುಗಡೆಯಾಗದ ಕಾರ್ಡಿನ ಕುರಿತ ವದಂತಿಗೆ ತಕ್ಕಂತೆ ಇಂದು ಪ್ರೊಸೆಸರ್ ಆರಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ನಮ್ಮ ಬಿಸಿಲಿನ ಲೆಕ್ಕವನ್ನು ಕಂಪನಿಗಳ ಪಟ್ಟಿಗಳು ಹೇಳುವುದಿಲ್ಲ. ಶೈತ್ಯಕ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಇಷ್ಟು ಡಿಗ್ರಿ ಮೇಲೆ ಎಂದು ಹಿಡಿದಿಡಬಲ್ಲದೇ ಹೊರತು ಕೋಣೆಗಿಂತ ತಣ್ಣಗೆ ಮಾಡಲಾರದು. 22 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ 70 ತೋರಿಸಿದ ಚಿಪ್ಪು, ರಾಯಚೂರು ಸೀಮೆಯ ಏಪ್ರಿಲಿನ 40 ಡಿಗ್ರಿಯ ಕೋಣೆಯಲ್ಲಿ 88ರ ಹತ್ತಿರ ಬರುತ್ತದೆ. 90-95ರ ಗಡಿ ಮುಟ್ಟಿದೊಡನೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆದ್ದರಿಂದ 105 ವ್ಯಾಟಿನ ಚಿಪ್ಪಿಗಿಂತ 65 ವ್ಯಾಟಿನ 5600 ಅಥವಾ 5700ಎಕ್ಸ್ ನಮ್ಮ ಕಡೆಗೆ ಹೆಚ್ಚು ಹೊಂದುತ್ತದೆ. ಜಾಲರಿಯ ಧೂಳನ್ನು ತಿಂಗಳಿಗೊಮ್ಮೆ ಬ್ರಷ್ಷಿನಿಂದ ತೆಗೆಯಿರಿ. 1650 ಕಾರ್ಡಿಗೆ ಸಾಕಾಗಿದ್ದದ್ದು 75 ವ್ಯಾಟು, 5060 ಬೇಡುವುದು 145. ಹಳೆಯ ಪವರ್ ಸಪ್ಲೈಗೆ, ಹಾಗೂ ಮನೆಗಳಲ್ಲಿ ಸಾಮಾನ್ಯವಾಗಿರುವ 360 ವ್ಯಾಟಿನ 600 ವಿಎ ಯುಪಿಎಸ್ಸಿಗೆ ಇಷ್ಟು ಹೊರುವ ಶಕ್ತಿ ಉಂಟೇ ಎಂದು ಪರದೆಯನ್ನೂ ಸೇರಿಸಿ ಕೂಡಿ ನೋಡಬೇಕು.

ಕೊನೆಗೆ ಕೈಕೆಲಸ. ಹಳೆಯ ಪ್ರೊಸೆಸರ್ ಇನ್ನೂ ಜಾಗದಲ್ಲಿರುವಾಗಲೇ ಬೋರ್ಡಿನ ಬಯಾಸನ್ನು 5000 ಸರಣಿ ಗುರುತಿಸುವ ಆವೃತ್ತಿಗೆ ಏರಿಸಿ. ಬೋರ್ಡು ತಯಾರಕರ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಪೂರ್ಣ ಹೆಸರಿನ ಮುಂದೆ ಆವೃತ್ತಿಯ ಸಂಖ್ಯೆ ಇರುತ್ತದೆ. ಆ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡೇ ನಿರ್ಜೀವವಾಗಬಹುದು. ಆದ್ದರಿಂದ ಯುಪಿಎಸ್ ಬ್ಯಾಟರಿ ಗಟ್ಟಿಯಾಗಿರುವ ದಿನ, ವಿದ್ಯುತ್ತು ನಿಲ್ಲುವ ಹೊತ್ತನ್ನು ತಪ್ಪಿಸಿ, ಅದನ್ನು ಮಾಡಿ. ಎಎಂ4 ಪ್ರೊಸೆಸರುಗಳಲ್ಲಿ ಸೂಜಿಗಾಲುಗಳು ಇರುವುದು ಚಿಪ್ಪಿನ ಅಡಿಯಲ್ಲಿ. ಒಣಗಿದ ಪೇಸ್ಟು ಹಿಡಿದುಕೊಂಡಿದ್ದರೆ ಶೈತ್ಯಕವನ್ನು ನೇರ ಕಿತ್ತಾಗ ಚಿಪ್ಪೂ ಅದರೊಂದಿಗೇ ಎದ್ದುಬಂದು ಕಾಲು ಬಾಗುತ್ತದೆ. ಹತ್ತು ನಿಮಿಷ ಆಟ ಓಡಿಸಿ ಬೆಚ್ಚಗೆ ಮಾಡಿ, ಯಂತ್ರ ಆರಿಸಿ, ತಂತಿ ತೆಗೆದು, ಶೈತ್ಯಕವನ್ನು ಎಡಬಲಕ್ಕೆ ಮೆಲ್ಲನೆ ಹೊರಳಿಸಿ ಎತ್ತಿ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಸ್.ಪಿ. ರೋಡಿನಲ್ಲಿ, ಬಳಸಿದ ಚಿಪ್ಪು ಕೊಳ್ಳುವವರು ಈ ಕಾಲುಗಳ ಸಾಲನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಲಿ. ಬಾಗಿದ್ದೊಂದು ಇದ್ದರೂ ಸಾಲು ತಪ್ಪಿದ್ದು ಕಾಣುತ್ತದೆ. ಅಲ್ಲಿಯೇ ಬೋರ್ಡಿಗೆ ಹಾಕಿ ಚಾಲೂ ಮಾಡಿ ತೋರಿಸಲು ಕೇಳಿ, ಬಿಲ್ಲಿನ ಮೇಲೆ ಚಿಪ್ಪಿನ ಪೂರ್ಣ ಹೆಸರನ್ನೂ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳಿ. ತೆಗೆದ 2600 ಚಿಪ್ಪಿನ ಕಾಲುಗಳು ನೆಟ್ಟಗಿದ್ದರೆ ಅದಕ್ಕೂ ಗಿರಾಕಿ ಇದ್ದಾರೆ.